ಅಪ್ಪ ಬೀಳಿಸದ ಸೇಬರ್

ನಮಸ್ಕಾರ.

ನಿಮ್ಮ ‘ಗಗನವೀರ ನನ್ನಪ್ಪ’ ಲೇಖನವನ್ನೂ ಜೊತೆಗಿದ್ದ ಪತ್ರವನ್ನೂ ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲಾರೆ. ಹಾಗಂತ ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲು ದೊಡ್ಡ ತಕರಾರು ಹೇಳಿಬಿಡುತ್ತೇನೆ. ಲೇಖನದಲ್ಲಿ ನಿಮ್ಮ ತಂದೆಯವರು 1965ರ ಸೆಪ್ಟೆಂಬರಿನ ಪಾಕಿಸ್ತಾನ ಯುದ್ಧದಲ್ಲಿ, ನಮ್ಮ ವಾಯುಪಡೆಯ ಪುಟ್ಟ ಫೈಟರ್ ನ್ಯಾಟ್‌ನಲ್ಲಿ ಬೆನ್ನಟ್ಟಿ ಹೋಗಿ, ಪಾಕಿಸ್ತಾನದ ಸೇಬರ್ ಯುದ್ಧವಿಮಾನವೊಂದನ್ನು ಉರುಳಿಸುತ್ತಾರೆ. ಪತ್ರದಲ್ಲಿ ನೀವೇ ಬೇರೆ ಮಾತು ಬರೆದಿದ್ದೀರಿ: ಅಪ್ಪ ತಮ್ಮ ಹಾರಾಟಗಳನ್ನು ಬರೆದಿಡುತ್ತಿದ್ದ ಲಾಗ್‌ಬುಕ್ಕಿನ ಆ ತಿಂಗಳ ಪುಟದಲ್ಲಿರುವುದು ಗಸ್ತು, ಬೆಂಗಾವಲು, ಮತ್ತೆ ಗಸ್ತು. ಶತ್ರು ವಿಮಾನದ ಸುದ್ದಿಯೇ ಇಲ್ಲ. ಅಪ್ಪ ಆ ಬಗ್ಗೆ ಎಂದೂ ಬಾಯಿಬಿಟ್ಟವರಲ್ಲ. ಓದುಗರಿಗೆ ರೋಚಕವಾಗಿರಲಿ ಎಂದು ಆ ದೃಶ್ಯ ಸೇರಿಸಿದಿರಂತೆ. ದಯವಿಟ್ಟು ಅದನ್ನು ತೆಗೆಯಿರಿ.

ಆಕಾಶದಲ್ಲಿ ನಡೆದದ್ದಕ್ಕೆ ಲೆಕ್ಕ ಇಡುವವರು ಇದ್ದಾರೆ. ಸೆಪ್ಟೆಂಬರ್ 3ರಂದು ಟ್ರೆವರ್ ಕೀಲರ್, ಮಾರನೆಯ ದಿನ ಪಠಾನಿಯಾ, ಹೀಗೆ ನ್ಯಾಟ್‌ಗಳು ಬೀಳಿಸಿದವೆಂಬ ಸೇಬರ್‌ಗಳಿಗೆ ಹೆಸರು, ತಾರೀಖು ಎರಡೂ ಇವೆ. ಅವುಗಳಲ್ಲೂ ಕೆಲವನ್ನು ಆಚೆಯವರು ಇಂದಿಗೂ ಒಪ್ಪುವುದಿಲ್ಲ. ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯನವರನ್ನು ನೆನೆಯಿರಿ. ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೊರಟ ತಂಡದಲ್ಲಿ ಅವರು ಮೀಸಲು ಪೈಲಟ್. ಹೋದವರು ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಬೀಳಿಸಿದ್ದು ಅವರೇ ಎಂಬುದು ನಮಗೆ ಗೊತ್ತಾಗಿದ್ದು ಪಾಕಿಸ್ತಾನದ ಕಡೆಯ ವಿವರ ಹೊರಬಂದ ಮೇಲೆ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ತಡವಾಗಿ. ನಡೆದದ್ದೊಂದು ದಾಖಲೆಗೆ ಸೇರಲು ಅಷ್ಟು ಕಾಯಬೇಕಾದ ಕಡೆ, ನಡೆಯದ್ದನ್ನು ನಾವು ಒಂದು ಸಂಜೆ ಕೂತು ಸೇರಿಸುವುದು ನ್ಯಾಯವಲ್ಲ. ನಿಮ್ಮ ತಂದೆ ಬರೆಯದೆ ಬಿಟ್ಟದ್ದನ್ನು ನೀವು ಅವರ ಹೆಸರಿನಲ್ಲಿ ಬರೆಯಬಾರದು.

ಸಣ್ಣಪುಟ್ಟ ತಪ್ಪುಗಳೂ ಇವೆ. ಸರ್ಗೋಧಾ ಮೇಲೆ ನ್ಯಾಟ್‌ಗಳು ಬಾಂಬ್ ಹಾಕಿದವು ಎಂದಿದ್ದೀರಿ; ಅಲ್ಲಿಗೆ ಹೋದವು ಮಿಸ್ಟೇರ್ ಮತ್ತು ಹಂಟರ್ ವಿಮಾನಗಳು. ನ್ಯಾಟ್ ಅಷ್ಟು ದೂರದ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ. ಅಪ್ಪನನ್ನು ಕೆಲವು ಕಡೆ ‘ಕ್ಯಾಪ್ಟನ್’ ಎಂದು ಕರೆದಿದ್ದೀರಿ. ಭೂಸೇನೆಯ ಆ ಹುದ್ದೆಗೆ ವಾಯುಪಡೆಯಲ್ಲಿ ಸಮನಾದದ್ದು ಫ್ಲೈಟ್ ಲೆಫ್ಟಿನೆಂಟ್. ಗರುಡ, ಸಿಡಿಲು, ಸಿಂಹ ಇವೆಲ್ಲ ಯಾರ ಅಪ್ಪನಿಗಾದರೂ ಹೊಂದುತ್ತವೆ, ಹೊಡೆದುಹಾಕಿ.

ಇನ್ನು ನಾನು ಈ ಲೇಖನವನ್ನು ಬಿಡಲಾರದ ಕಾರಣ. ಲೇಖನದ ಕೊನೆ ಹತ್ತಿರ ಬಂದಾಗ, ಯಾವುದೋ ಮಾತಿನ ನಡುವೆ, ಎರಡೇ ಸಾಲು ಬರೆದಿದ್ದೀರಿ. ನಿವೃತ್ತರಾದ ಮೇಲೂ ವಿಮಾನದ ಸದ್ದು ಕೇಳಿದರೆ ಅಪ್ಪ ಆ ವಿಮಾನವನ್ನು ನೋಡುತ್ತಿರಲಿಲ್ಲವಂತೆ. ಕೈ ನೀಡಿ, ಹೆಬ್ಬೆರಳನ್ನು ಸೂರ್ಯನಿಗೆ ಅಡ್ಡ ಹಿಡಿದು, ಬೆರಳಿನ ಸುತ್ತ ಕಣ್ಣು ಓಡಿಸುತ್ತಿದ್ದರಂತೆ. ‘ಏಕೋ ಗೊತ್ತಿಲ್ಲ’ ಎಂದು ಮುಂದೆ ಹೋಗಿಬಿಟ್ಟಿದ್ದೀರಿ.

ಅದು ಫೈಟರ್ ಪೈಲಟ್‌ಗಳ ಹಳೆಯ ಅಭ್ಯಾಸ. ಬೀಳಿಸಲು ಬರುವವನು ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಬರುತ್ತಾನೆ, ಆ ಬೆಳಕಿನಲ್ಲಿ ಅವನು ಕಾಣುವುದಿಲ್ಲ. ಹೆಬ್ಬೆರಳಿನಿಂದ ಸೂರ್ಯನ ಬಿಂಬವನ್ನಷ್ಟೇ ಮುಚ್ಚಿದರೆ ಸುತ್ತಲಿನ ಆಕಾಶ ಕಾಣುತ್ತದೆ, ಅಲ್ಲಿ ಚುಕ್ಕೆಯೊಂದು ಅಲುಗಿದರೆ ಕಣ್ಣಿಗೆ ಬೀಳುತ್ತದೆ. ಸದ್ದು ಮಾಡಿಕೊಂಡು ಎದುರಿಗೇ ಹೋಗುವ ವಿಮಾನ ಅವರಿಗೆ ಚಿಂತೆಯಲ್ಲ, ಕಾಣದೆ ಬರುವುದು ಚಿಂತೆ. ಜೋಡಿಯಲ್ಲಿ ಎರಡನೆಯವನಾಗಿ ಹಾರಿ, ಮುಂದಿನವನ ಬೆನ್ನು ಕಾಯ್ದವರಲ್ಲಿ ಇದು ರಕ್ತಕ್ಕೇ ಇಳಿದಿರುತ್ತದೆ. ನಿಮ್ಮ ತಂದೆ ಹೆಚ್ಚಾಗಿ ‘ನಂಬರ್ ಟೂ’ ಆಗಿದ್ದರೇ? ಲಾಗ್‌ಬುಕ್ ಮತ್ತೊಮ್ಮೆ ನೋಡಿ.

ಗಸ್ತು ಎಂದರೆ ಬರೆಯಲು ಏನೂ ಇಲ್ಲದ ಕೆಲಸ ಎಂದು ನಿಮಗೆ ಅನಿಸಿದಂತಿದೆ. ಸೆಪ್ಟೆಂಬರ್ 6ರ ಸಂಜೆ ಪಠಾಣ್‌ಕೋಟ್ ನೆಲೆಯ ಮೇಲೆ ಸೇಬರ್‌ಗಳು ಎರಗಿದಾಗ ನಮ್ಮ ಹಲವು ವಿಮಾನಗಳು ನೆಲದ ಮೇಲೇ ಸುಟ್ಟುಹೋದವು. ಮೇಲೆ ಕಾವಲಿಲ್ಲದಿದ್ದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಾದದ್ದು ಹಾಗೆ. ಕಾಕ್‌ಪಿಟ್ಟಿನಲ್ಲಿ ಪಟ್ಟಿ ಬಿಗಿದುಕೊಂಡು, ಬಿಸಿಲಿನಲ್ಲಿ, ಆದೇಶ ಬಂದೀತೆಂದು ಕೂತಿರುವುದು, ಹಾರಿ, ಯಾರನ್ನೂ ಕಾಣದೆ ಇಳಿಯುವುದು, ಮತ್ತೆ ಕೂರುವುದು. ಅವರು ಕಾದದ್ದರಿಂದ ಯಾರೂ ಬರಲಿಲ್ಲ ಎಂದು ಹೇಳಲು ದಾಖಲೆ ಸಿಗುವುದಿಲ್ಲ. ಆದರೂ ಕಾದದ್ದಂತೂ ನಿಜ. ನಿಮ್ಮ ಅಪ್ಪನ ಯುದ್ಧ ಅದು. ಅದನ್ನು ಬರೆದವರು ನನಗೆ ತೀರಾ ಕಡಿಮೆ ಸಿಕ್ಕಿದ್ದಾರೆ.

ಆದ್ದರಿಂದ ಹೆಬ್ಬೆರಳಿನಿಂದ ಶುರುಮಾಡಿ. ನಿಮಗೆ ಆಗ ಎಷ್ಟು ವಯಸ್ಸು, ಅವರು ಎಷ್ಟು ಹೊತ್ತು ಹಾಗೆ ನಿಲ್ಲುತ್ತಿದ್ದರು, ಅಮ್ಮ ಏನನ್ನುತ್ತಿದ್ದರು? ಆಮೇಲೆ ಸೆಪ್ಟೆಂಬರಿನ ಪುಟವನ್ನು ತಾರೀಖಿನ ಪ್ರಕಾರ ನಮ್ಮ ಮುಂದಿಡಿ. ಅವರು ಮಾತಾಡದೆ ಉಳಿಸಿದ ಕಡೆ ನೀವೂ ಸುಮ್ಮನಿರಿ. ‘ಇದನ್ನು ಅಪ್ಪ ಹೇಳಲಿಲ್ಲ’ ಎಂದು ಒಂದು ಸಾಲು ಬರೆದರೆ ಸಾಕು, ಓದುಗರು ಅರ್ಥಮಾಡಿಕೊಳ್ಳುತ್ತಾರೆ.

ಒಂದು ಕೆಲಸಕ್ಕೆ ಮಾತ್ರ ತಡಮಾಡಬೇಡಿ. ಅವರ ಸ್ಕ್ವಾಡ್ರನ್ನಿನ ಜೊತೆಗಾರರು ಯಾರಾದರೂ ಇದ್ದರೆ ಅವರೂ ಎಂಬತ್ತು ದಾಟಿರುತ್ತಾರೆ. ಈ ವಾರವೇ ಫೋನ್ ಮಾಡಿ. ಎಷ್ಟು ವಿಮಾನ ಬೀಳಿಸಿದಿರಿ ಎಂದು ಕೇಳಬೇಡಿ. ಎರಡು ಹಾರಾಟಗಳ ನಡುವೆ ನಮ್ಮ ತಂದೆ ಏನು ಮಾಡುತ್ತಿದ್ದರು, ಯಾರ ಜೊತೆ ಕೂರುತ್ತಿದ್ದರು, ರಾತ್ರಿ ನಿದ್ದೆ ಬರುತ್ತಿತ್ತೇ ಎಂದು ಕೇಳಿ. ನ್ಯಾಟ್ ಬಗ್ಗೆಯೂ ಕೇಳಿ. ಗನ್ನುಗಳು ಜಾಮ್ ಆಗುತ್ತಿದ್ದವು, ಹೈಡ್ರಾಲಿಕ್ಸ್ ಕೈಕೊಟ್ಟರೆ ಹಿಡಿತಕ್ಕೆ ಸಿಗುವುದು ಕಷ್ಟವಿತ್ತು. ಆ ಪುಟ್ಟ ವಿಮಾನವನ್ನು ಪ್ರೀತಿಸಿದವರೇ ಅದಕ್ಕೆ ಹೆದರುತ್ತಲೂ ಇದ್ದರು. ಅಪ್ಪನಿಗೆ ಹೆದರಿಕೆಯೇ ಇರಲಿಲ್ಲ ಎಂದು ನೀವು ಬರೆದ ಸಾಲನ್ನು ಅವರ ಗೆಳೆಯರ ಮುಂದೆ ಓದಿ, ಏನನ್ನುತ್ತಾರೆ ಕೇಳಿಸಿಕೊಳ್ಳಿ.

ಈಗಿನ ಅರ್ಧದಷ್ಟಾದರೂ ಪರವಾಗಿಲ್ಲ. ಬರೆದ ಮೇಲೆ ನೇರವಾಗಿ ನನಗೇ ಕಳಿಸಿ. ಲಾಗ್‌ಬುಕ್ಕಿನ ಆ ಪುಟದ ಸ್ಪಷ್ಟವಾದ ಫೋಟೊ ಇರಲಿ, ಲೇಖನದ ಪಕ್ಕದಲ್ಲೇ ಹಾಕೋಣ.

ವಿಶ್ವಾಸದಿಂದ,
ಸಂಪಾದಕ