ಓದುಗರ ಪ್ರಶ್ನೆ: ಚಪ್ಪಾಳೆ ಬಿತ್ತು, ಕಸ ನಿಲ್ಲಲಿಲ್ಲ

ಪ್ರಶ್ನೆ: ಕೆರೆಗೆ ಕಸ ಸುರಿಯುವುದರ ವಿರುದ್ಧ 40 ನಿಮಿಷದ ಬೀದಿನಾಟಕ ಆಡಿದೆವು. ‘ಎಲ್ಲರೂ ಇಲ್ಲೇ ಸುರಿಯುತ್ತಾರೆ, ಎಚ್ಚೆತ್ತುಕೊಳ್ಳಿ’ ಎಂಬ ಹಾಡಿನಿಂದ ಮುಗಿಸಿದೆವು. ಜನ ಮೆಚ್ಚಿದರು, ಕಸ ಮಾತ್ರ ಬೀಳುತ್ತಲೇ ಇದೆ. ಎಲ್ಲಿ ಎಡವಿದೆವು?

ಉತ್ತರ: ಮೊದಲು ಆ ಹಾಡನ್ನು ಕಿತ್ತುಹಾಕಿ. ‘ಎಲ್ಲರೂ ಸುರಿಯುತ್ತಾರೆ’ ಎಂದು ಕೇಳಿದವನಿಗೆ ‘ನಾನೊಬ್ಬ ಸುರಿದರೇನಂತೆ’ ಅನಿಸುತ್ತದೆ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳ ರಾಷ್ಟ್ರೀಯ ಉದ್ಯಾನವಿದೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಸಿಯಾಲ್ಡೀನಿ ತಂಡ ಅಲ್ಲಿ ಇದನ್ನು ಪರೀಕ್ಷಿಸಿತ್ತು. ‘ಹಿಂದೆ ಬಂದವರು ಬಹಳ ಮಂದಿ ಚೂರುಗಳನ್ನು ಒಯ್ದಿದ್ದಾರೆ’ ಎಂಬ ಫಲಕವಿದ್ದಾಗ, ಗುರುತು ಹಾಕಿಟ್ಟ ಚೂರುಗಳಲ್ಲಿ ಸುಮಾರು 8% ಕಳವಾದವು. ‘ದಯವಿಟ್ಟು ಒಯ್ಯಬೇಡಿ’ ಎಂದಿದ್ದಾಗ 2%ಕ್ಕಿಂತ ಕಡಿಮೆ.

ನಾಟಕವನ್ನು 15 ನಿಮಿಷಕ್ಕೆ ಇಳಿಸಿ. 40 ನಿಮಿಷ ನಿಲ್ಲುವವರು ಹೇಗೂ ನಿಮ್ಮ ಪಕ್ಷದವರೇ!

ಇನ್ನು ಕಥೆ. ಕಸ ಸುರಿಯುವವನು ದುಷ್ಟನಾಗಿರಬಾರದು; ದುಷ್ಟನಲ್ಲಿ ಯಾರೂ ತಮ್ಮನ್ನು ಕಾಣುವುದಿಲ್ಲ. ಕಸದ ಗಾಡಿ ಬರುವ ಮೊದಲೇ ಕೆಲಸಕ್ಕೆ ಹೊರಡಬೇಕಾದ ಹೆಂಗಸೊಬ್ಬಳನ್ನು ತನ್ನಿ. ಅವಳು ಸೋತು ಕೆರೆಗೇ ಸುರಿಯುವಲ್ಲಿ ನಾಟಕ ನಿಲ್ಲಲಿ. ಆಮೇಲೆ ಅದನ್ನೇ ಮತ್ತೆ ಆಡಿ. ಪ್ರೇಕ್ಷಕರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಒಳಬಂದು ಅವಳ ಪಾತ್ರ ವಹಿಸಿ ಬೇರೆ ದಾರಿ ತೋರಿಸಬಹುದು. ಬ್ರೆಜಿಲ್‌ನ ರಂಗ ನಿರ್ದೇಶಕ ಆಗಸ್ಟೊ ಬೋಆಲ್ 1970ರ ದಶಕದಲ್ಲಿ ರೂಪಿಸಿದ ‘ಫೋರಂ ಥಿಯೇಟರ್’ ಇದೇ.

ಇದು ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಎದುರು ನಟರು ಬೇಗ ಒಪ್ಪಿಬಿಡುತ್ತಾರೆ. ಅವಳ ಕೆಲಸದ ಕಡೆಯ ನಿಜವಾದ ಮೇಲ್ವಿಚಾರಕ ಕೊಡುವಷ್ಟೇ ಅಡ್ಡಿ ಅವರೂ ಕೊಡಬೇಕು. ಬಂದವರು ಎದುರಾಳಿಯ ಪಾತ್ರ ಹಿಡಿದು ಅವನನ್ನೇ ಒಳ್ಳೆಯವನನ್ನಾಗಿಸುತ್ತಾರೆ. ಅದು ನಿಜ ಬದುಕಿನಲ್ಲಿ ನಡೆಯದ ಜಾದೂ, ಅದಕ್ಕೆ ಅವಕಾಶ ಕೊಡಬೇಡಿ. ಸೂತ್ರಧಾರ ಮೌನಕ್ಕೆ ಹೆದರಿ ಉಪದೇಶಕ್ಕೆ ಇಳಿಯುತ್ತಾನೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಲ್ಲೇ ಇಪ್ಪತ್ತು ಎಣಿಸಲಿ, ಯಾರಾದರೂ ಎದ್ದೇ ಏಳುತ್ತಾರೆ.

‘ಗಾಡಿಯ ಹೊತ್ತು ಬದಲಿಸಲು ಅರ್ಜಿ ಕೊಡೋಣ’ ಎಂಬ ಸಲಹೆ ಬಂದರೆ ಅಲ್ಲೇ ಬರೆದು ಸಹಿ ಹಾಕಿಸಿ. ನಾಳೆಗೆ ಬಿಟ್ಟರೆ ಹೋಯಿತು.

ಪ್ರಶ್ನೆ: ಹೊಸ ಗೋಡೆಯ ಮೇಲೆ ಬಿಡಿಸಿದ ಹಕ್ಕಿಗಳ ಚಿತ್ರ ಒಂದೇ ಮಳೆಗಾಲಕ್ಕೆ ಹಪ್ಪಳದಂತೆ ಎದ್ದಿದೆ. ಬಣ್ಣ ಕಳಪೆಯೇ?

ಉತ್ತರ: ಬಣ್ಣಕ್ಕಿಂತ ಗೋಡೆಯ ತೇವದ ಮೇಲೆ ಅನುಮಾನ. ಸಿಮೆಂಟ್ ಗಾರೆ 28 ದಿನವಾದರೂ ಒಣಗಬೇಕು. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪಿನಿಂದ ಅಂಟಿಸಿ, ಮರುದಿನ ನೋಡಿ. ಒಳಗೆ ನೀರಹನಿ ಕಂಡರೆ ಕಾಯಿರಿ. ಬಿಳಿ ಉಪ್ಪು ಎದ್ದಿದ್ದರೆ ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ; ನೀರು ಹಾಕಿದರೆ ಉಪ್ಪು ಮತ್ತೆ ಒಳಗಿಳಿಯುತ್ತದೆ. ಬಳಿಕ ಕ್ಷಾರ ತಡೆಯುವ ಪ್ರೈಮರ್, ಅದರ ಮೇಲೆ ಹೊರಗೋಡೆಯ ಅಕ್ರಿಲಿಕ್ ಬಣ್ಣ.