ಸಾವು ಎಲ್ಲರನ್ನೂ ಒಂದೇ ಥರ ನೋಡಲಿಲ್ಲ

ನಮಸ್ಕಾರ. ಮುಂಬಯಿಯ ಬಟ್ಟೆ ಗಿರಣಿ ಕಾರ್ಮಿಕರ ಚಾಳುಗಳಲ್ಲಿ, ಅಂದರೆ ಸಾಲು ಕೋಣೆಗಳ ವಠಾರಗಳಲ್ಲಿ, 1918ರಿಂದ 1921ರವರೆಗೆ ಆದ ಸಾವುಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಪಟ್ಟ ಶ್ರಮ ಕಾಣುತ್ತದೆ. ಆದರೆ ಎರಡು ಕಡೆ ನನಗೆ ಸಿಟ್ಟು ಬಂತು. ಅವನ್ನಷ್ಟೇ ಹೇಳುತ್ತೇನೆ.

ಎರಡನೇ ಪುಟದಲ್ಲಿ ಇನ್‌ಫ್ಲುಯೆಂಜಾ ಬಗ್ಗೆ ಬರೆಯುತ್ತೀರಿ: "ಮಹಾಮಾರಿ ಬಡವ ಬಲ್ಲಿದ ಎನ್ನಲಿಲ್ಲ, ಎಲ್ಲರನ್ನೂ ಸಮನಾಗಿ ಕರೆದೊಯ್ದಿತು." ಓದೋಕೆ ಚೆನ್ನಾಗಿದೆ. ಆದರೆ ಸುಳ್ಳು. 1918ರಲ್ಲಿ ಮುಂಬಯಿಯಲ್ಲಿ ಆ ಜ್ವರಕ್ಕೆ ಸತ್ತ ಯುರೋಪಿಯನ್ನರು ಸಾವಿರಕ್ಕೆ 8.3. ಸರ್ಕಾರಿ ಲೆಕ್ಕ 'ಕೆಳಜಾತಿ ಹಿಂದೂಗಳು' ಎಂದು ಬರೆದುಕೊಂಡವರಲ್ಲಿ ಸಾವಿರಕ್ಕೆ 61.6. ಏಳು ಪಟ್ಟಿಗಿಂತ ಜಾಸ್ತಿ! ಬಂದ ಜ್ವರ ಒಂದೇ, ನಿಜ. ಮಲಗೋಕೆ ಗಾಳಿ ಬೆಳಕಿನ ಕೋಣೆ, ಗಂಜಿ ಕಾಯಿಸಿ ಕೊಡೋಕೆ ಒಬ್ಬರು, ವಾರ ದುಡಿಯದಿದ್ದರೂ ಉರಿಯುವ ಒಲೆ ಎಲ್ಲರಿಗೂ ಇತ್ತಾ? ಆ ವರ್ಷ ಮಳೆ ಬೇರೆ ಕೈಕೊಟ್ಟು ಕಾಳಿನ ಬೆಲೆ ಏರಿತ್ತು. ಮುಂದಿನ ಸಾಲಿನಲ್ಲೇ ನೀವು "ಅಕ್ಟೋಬರ್ 6ರಂದು ಒಂದೇ ದಿನ 768 ಜನ ಸತ್ತರು" ಎನ್ನುತ್ತೀರಿ. ಅಂಕಿ ಸರಿ. ಆದರೆ ಹಿಂದಿನ ಸಾಲಿನಿಂದಾಗಿ ಆ 768 ಜನ ಊರಿನ ಎಲ್ಲ ಬೀದಿಗಳಿಗೂ ಸಮನಾಗಿ ಹಂಚಿಹೋದಂತೆ ಕಾಣುತ್ತದೆ.

ಎರಡನೆಯದು ಐದನೇ ಪುಟದ್ದು: "ಒಂದೇ ಕೋಣೆಯ ಮನೆಗಳಲ್ಲಿ ಸಾವಿರಕ್ಕೆ 828 ಕೂಸುಗಳು ಸತ್ತವು. ತಾಯಂದಿರ ಅಜ್ಞಾನವೇ ಇದಕ್ಕೆ ಕಾರಣ."

1921ರ ದಾಖಲೆಯಲ್ಲಿ 828 ಇದೆ, ಒಪ್ಪಿದೆ. ಅದು ಬಂದದ್ದು ಹೇಗೆ? ಪುಸ್ತಕದಲ್ಲಿ ಬರೆಸಿದ ಪ್ರತಿ ಸಾವಿರ ಹುಟ್ಟಿಗೆ ಎಷ್ಟು ಕೂಸುಗಳ ಸಾವು ಎಂಬ ಲೆಕ್ಕ ಅದು. ಎಷ್ಟೋ ಹೆಂಗಸರು ಹೆರಿಗೆಗೆ ಕೊಂಕಣದ ಕಡೆ ತಮ್ಮ ಊರಿಗೆ ಹೋಗುತ್ತಿದ್ದರು. ಆ ಕೂಸುಗಳ ಹುಟ್ಟು ಮುಂಬಯಿಯ ಪುಸ್ತಕಕ್ಕೆ ಬೀಳಲಿಲ್ಲ. ಎತ್ತಿಕೊಂಡು ವಾಪಸ್ ಬಂದ ಮೇಲೆ ತೀರಿಕೊಂಡರೆ ಸಾವು ಮಾತ್ರ ಬಿತ್ತು. ನಗರದಲ್ಲೇ ಹುಟ್ಟಿ ಬರೆಸದೆ ಉಳಿದವೂ ಇದ್ದವು. ಹಾಗಾಗಿ ದರ ಉಬ್ಬಿದೆ. ಇದನ್ನು ಹೇಳಿದರೆ ನಿಮ್ಮ ವಾದ ಸೋಲುವುದಿಲ್ಲ. ಅದೇ ಲೆಕ್ಕದಲ್ಲಿ ನಾಲ್ಕು ಅಥವಾ ಹೆಚ್ಚು ಕೋಣೆಗಳ ಮನೆಗಳಿಗೆ ಸಿಕ್ಕಿದ್ದು 133. ಉಬ್ಬನ್ನು ಕಳೆದರೂ ಆ ಅಂತರ ಪೂರ್ತಿ ಅಳಿಸುವುದಿಲ್ಲ. ಆ 133 ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ ಅಲ್ವಾ?

ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಯಾರ ಬರಹದಲ್ಲಿ ಅಂಕಿ ಕಂಡರೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ "ಎಣಿಸಿದ್ದು ಯಾರು?" ಎಂದು ಬರೆಯುತ್ತಿದ್ದರು. ಒಮ್ಮೆ ನನ್ನನ್ನು ಪುರಸಭೆಯ ಹಳೆಯ ಜನನ ಮರಣ ಪುಸ್ತಕ ನೋಡಿ ಬಾ ಎಂದು ಕಳಿಸಿದರು. ಸುದ್ದಿ ಏನೂ ಬೇಡ, ಸುಮ್ನೆ ಓದಿ ಬಾ ಅಂದರು. ಕಾರಣದ ಕಾಲಮ್ಮಿನಲ್ಲಿ ಪುಟಗಟ್ಟಲೆ 'ಜ್ವರ'. ಹೆಸರಿನ ಜಾಗದಲ್ಲಿ ಎಷ್ಟೋ ಕಡೆ 'ಹೆಣ್ಣು ಕೂಸು', ಅಷ್ಟೇ. ವಿಳಾಸದ ಜಾಗದಲ್ಲಿ 'ಕೆರೆ ಹಿಂದೆ'. ಆ 'ಕೆರೆ ಹಿಂದೆ' ಮತ್ತೆ ಮತ್ತೆ ಬರುತ್ತಿತ್ತು. ಅವರು ನನಗೆ ತೋರಿಸಬೇಕೆಂದಿದ್ದು ಅದನ್ನೇ.

ಇನ್ನು 'ತಾಯಂದಿರ ಅಜ್ಞಾನ'. ಆಗ ಗಿರಣಿಯಲ್ಲಿ ಹೆಂಗಸರನ್ನು ದಿನಕ್ಕೆ 11 ಗಂಟೆ ದುಡಿಸಲು ಕಾನೂನೇ ಬಿಟ್ಟಿತ್ತು. ಹೆರಿಗೆ ಭತ್ಯೆಯ ಕಾನೂನು ಮುಂಬಯಿ ಪ್ರಾಂತ್ಯಕ್ಕೆ ಬಂದದ್ದು 1929ರಲ್ಲಿ. ಕೂಸನ್ನು ನೋಡಿಕೊಳ್ಳುವವರು ಯಾರು? ಅಳದೆ ಮಲಗಿರಲಿ ಅಂತ ಅಫೀಮು ಸೇರಿದ ಬಾಲಗೋಲಿ ತಿನ್ನಿಸಿ ಹೋಗುತ್ತಿದ್ದರು. ಅಫೀಮಿನ ಮಂಪರಿನಲ್ಲಿ ಕೂಸಿಗೆ ಹಸಿವೂ ಗೊತ್ತಾಗುವುದಿಲ್ಲ, ಹಾಲು ಕೇಳುವುದಿಲ್ಲ, ಸೊರಗುತ್ತದೆ. ಇದು ತಾಯಿಗೆ ಕಾಣುತ್ತಿರಲಿಲ್ಲ ಅಂತ ನೀವು ಹೇಗೆ ಹೇಳುತ್ತೀರಿ? ಕೆಲಸ ಬಿಟ್ಟರೆ ಕೂಲಿ ಇಲ್ಲ, ಕೂಲಿ ಇಲ್ಲದಿದ್ದರೆ ಮನೆಯಲ್ಲಿ ಊಟ ಇಲ್ಲ.

ಬಾಲಗೋಲಿಗೆ ನೀವು ಕೊಟ್ಟಿರುವುದು ಅರ್ಧ ಸಾಲು. ಅದನ್ನು ಒಂದು ಪುಟಕ್ಕೆ ಬೆಳೆಸಿ. 828ರ ಪಕ್ಕದಲ್ಲೇ 133 ಇಡಿ, ಎರಡನ್ನೂ ಎಣಿಸಿದ ರೀತಿ ಹೇಳಿ. ಎರಡನೇ ಪುಟದ ಆ ಸಾಲನ್ನೂ ಅಜ್ಞಾನದ ಮಾತನ್ನೂ ತೆಗೆಯಿರಿ. ತಿಂಗಳ ಕೊನೆಯೊಳಗೆ ಹೊಸ ಪ್ರತಿ ಬಂದರೆ ಮೊದಲಿನಿಂದ ಮತ್ತೆ ಓದುತ್ತೇನೆ.