ಗರಸು ನೆಲಕ್ಕೆ ಮೊದಲು ಹುಲ್ಲಿನ ಹೊದಿಕೆ, ಜೊತೆಯಲ್ಲಿ ಮರ

ಪ್ರಶ್ನೆ: ಚಳ್ಳಕೆರೆ ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಗರಸು (ಸಣ್ಣ ಕಲ್ಲು) ಮಿಶ್ರಿತ ಕೆಂಪು ಭೂಮಿ ಇದೆ. ಶೇಂಗಾ ಕೈಕೊಟ್ಟಿದ್ದರಿಂದ ಬೀಳು ಬಿಟ್ಟಿದ್ದೇವೆ. ಬಳ್ಳಾರಿ ಜಾಲಿ ಹಬ್ಬುತ್ತಿದೆ. ಮೂವತ್ತು ಕುರಿಗಳಿವೆ. ಪೂರ್ತಿ ಸುಬಾಬುಲ್ ನೆಟ್ಟರೆ ಮೇವಿನ ಕೊರತೆ ನೀಗುವುದೇ?

ಉತ್ತರ: ಪೂರ್ತಿ ಸುಬಾಬುಲ್ ನೆಡಬೇಡಿ. ಆಳವಿಲ್ಲದ ಗರಸಿನಲ್ಲಿ ಅದು ಸೊರಗುತ್ತದೆ. ಅದರ ಸೊಪ್ಪಿನಲ್ಲಿ ಮಿಮೊಸಿನ್ ಎಂಬ ವಿಷಾಂಶವಿರುವುದರಿಂದ, ಒಟ್ಟು ಮೇವಿನ ಮೂರನೆಯ ಒಂದು ಪಾಲನ್ನು ಮೀರಿ ದಿನವೂ ತಿನ್ನಿಸಿದರೆ ಕುರಿಗಳ ಉಣ್ಣೆ ಉದುರಬಹುದು. ಅದಕ್ಕಿಂತ ಮುಖ್ಯವಾಗಿ, ಮರಗಳ ನಡುವೆ ನೆಲ ಬರಿದಾಗಿಯೇ ಉಳಿದರೆ ಮೇಲ್ಮಣ್ಣು ಕೊಚ್ಚಿಹೋಗುವುದು ನಿಲ್ಲುವುದಿಲ್ಲ. ಅದನ್ನು ಹಿಡಿದಿಡುವುದು ಹುಲ್ಲಿನ ದಟ್ಟವಾದ ಬೇರು. ಆದ್ದರಿಂದ ಹುಲ್ಲಿನಿಂದ ಆರಂಭಿಸಿ, ಅದರೊಡನೆಯೇ ಮರ ಮತ್ತು ಪೊದೆಗಳನ್ನು ಬೆಳೆಸಿ.

ನಿಮ್ಮ ಭಾಗದ ವಾರ್ಷಿಕ ಮಳೆ 500 ಮಿ.ಮೀ. ಆಸುಪಾಸಿನದು, ಅದರ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೀಳುತ್ತದೆ. ಬೇಸಿಗೆಯಲ್ಲಿಯೇ ಇಳಿಜಾರಿಗೆ ಅಡ್ಡಲಾಗಿ ಟ್ರೆಂಚ್ ತೆಗೆದು, ಮಣ್ಣನ್ನು ಕೆಳಬದಿಗೆ ಬದುವಾಗಿ ಹಾಕಿ. ಬದುವಿನ ಪಕ್ಕದಲ್ಲಿ, ಸಾಲಿನಿಂದ ಸಾಲಿಗೆ ಹತ್ತು ಮೀಟರ್ ಅಂತರವಿಟ್ಟು ಕಮರ, ತುಗ್ಗಲಿ, ಬಾಗೆ ಸಸಿಗಳನ್ನು ನೆಡಿ. ಕಮರ ನಿಧಾನವಾಗಿ ಬೆಳೆದರೂ ಬೇರು ಆಳಕ್ಕಿಳಿಸಿ ಬರವನ್ನು ತಾಳುತ್ತದೆ, ಸೊಪ್ಪೂ ಒಳ್ಳೆಯ ಮೇವು. ನಮ್ಮ ಜಿಲ್ಲೆಯ ಒಣನೆಲಕ್ಕೆ ನನ್ನ ಮೊದಲ ಆಯ್ಕೆ ಅದೇ. ಅಂಚಿನಲ್ಲಿ ಸೊಪ್ಪು ಕೊಡುವ ಗ್ಲಿರಿಸಿಡಿಯಾ ಮತ್ತು ಬೇಲಿ ಮೆಂತೆ ಇರಲಿ. ತಾನಾಗಿಯೇ ಬೆಳೆದಿರುವ ತಂಗಡಿ, ಬಂದರಿಕೆ ಪೊದೆಗಳನ್ನು ದಯವಿಟ್ಟು ಕೀಳಬೇಡಿ: ಕುರಿಗಳು ಅವುಗಳನ್ನು ಸಾಮಾನ್ಯವಾಗಿ ಮುಟ್ಟದ ಕಾರಣ, ಅವುಗಳ ಮರೆಯಲ್ಲಿ ಎಳೆಯ ಸಸಿಗಳು ಉಳಿದುಕೊಳ್ಳುತ್ತವೆ.

ಸಾಲುಗಳ ನಡುವೆ ಅಂಜನ್ ಹುಲ್ಲು ಮತ್ತು ಸ್ಟೈಲೋ ಎಂಬ ಮೇವಿನ ಗಿಡದ ಬೀಜ ಬಿತ್ತಿ. ಎಕರೆಗೆ ಎರಡರದೂ ತಲಾ ಒಂದೂವರೆ ಕಿಲೋ ಬೀಜ ಸಾಕು. ಅಂಜನ್ ಹುಲ್ಲಿನ ಹೊಸ ಬೀಜ ಸರಿಯಾಗಿ ಮೊಳೆಯುವುದಿಲ್ಲವಾದ್ದರಿಂದ ಹಿಂದಿನ ವರ್ಷದ್ದನ್ನೇ ಕೇಳಿ ಪಡೆಯಿರಿ. ಹಗುರವಾದ ಆ ಬೀಜ ಗಾಳಿಗೆ ಹಾರದಂತೆ ಮಣ್ಣು, ಸಗಣಿ ಬೆರೆಸಿ ಉಂಡೆ ಕಟ್ಟಿ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಇಟ್ಟು, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಬೇಕು. ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೋದರೆ ಎರಡೂ ಮೇಲೇಳುವುದು ಕಷ್ಟ. ದ್ವಿದಳ ಜಾತಿಯ ಸ್ಟೈಲೋ ಮಣ್ಣಿಗೆ ಸಾರಜನಕವನ್ನೂ, ಕುರಿಗಳಿಗೆ ಪ್ರೋಟೀನನ್ನೂ ಒದಗಿಸುತ್ತದೆ.

ಬಳ್ಳಾರಿ ಜಾಲಿಯನ್ನು ಬರೀ ಕಡಿದರೆ ಮತ್ತೆ ಚಿಗುರುತ್ತದೆ. ಬುಡವನ್ನೇ ಅಗೆದು ತೆಗೆಯಬೇಕು. ಅದರ ಕಾಯಿ ತಿಂದ ಕುರಿಗಳ ಹಿಕ್ಕೆಯಲ್ಲಿ ಬೀಜ ಜೀವಂತವಾಗಿ ಹೊರಬರುತ್ತದೆಯಾದ್ದರಿಂದ, ಕಾಯಿ ಉದುರುವ ಕಾಲದಲ್ಲಿ ಮಂದೆಯನ್ನು ಈ ಹೊಲದಲ್ಲಿ ತಂಗಿಸಬೇಡಿ.

ಇಷ್ಟೆಲ್ಲದರಲ್ಲಿ ನಿಜವಾಗಿಯೂ ಕಠಿಣವಾದದ್ದು ಮೇಯಿಸದೆ ಕಾಯುವುದು. ನಾಲ್ಕು ಎಕರೆಯನ್ನೂ ಒಮ್ಮೆಗೇ ಮುಚ್ಚಿದರೆ ಮಂದೆಗೆ ದಾರಿಯಿಲ್ಲ. ಈ ವರ್ಷ ಎರಡು ಎಕರೆಗೆ ಮಾತ್ರ ಬೇಲಿ ಹಾಕಿ. ಮೊದಲ ವರ್ಷ ಹೂವಾಡುವ ಹೊತ್ತಿಗೆ ನೆಲದಿಂದ ಒಂದು ಗೇಣು ಬಿಟ್ಟು ಹುಲ್ಲು ಕೊಯ್ದು, ಮನೆಯಲ್ಲಿಯೇ ಕುರಿಗಳಿಗೆ ಹಾಕಿ. ಸಸಿಗಳ ತುದಿ ಕುರಿಯ ಬಾಯಿಗೆ ಎಟುಕದಷ್ಟು ಬೆಳೆದ ಮೇಲೆ, ತುಂಡು ತುಂಡಾಗಿ ಸರದಿಯಂತೆ ಮೇಯಿಸಬಹುದು. ಮೂವತ್ತು ಕುರಿಗಳಿಗೆ ವರ್ಷವಿಡೀ ಇಷ್ಟೇ ನೆಲ ಸಾಲುವುದಿಲ್ಲ. ಒಣಗಿಸಿಟ್ಟ ಹುಲ್ಲು ಮತ್ತು ಸೊಪ್ಪು ಮಾರ್ಚ್‌ನಿಂದ ಮೇ ತಿಂಗಳವರೆಗಿನ ಕೊರತೆಯನ್ನು ತಗ್ಗಿಸುತ್ತವೆ. ಬೀಜಕ್ಕಾಗಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಧಾರವಾಡದ ಕೇಂದ್ರವನ್ನು ಬೇಸಿಗೆಯಲ್ಲಿಯೇ ವಿಚಾರಿಸಿ.